ಹೊಟ್ಟು ಹುಟ್ಟಿದಲ್ಲೇ ಹಿಡಿ

ತಮ್ಮಾ, ಹೋದ ಭಾನುವಾರ ಮಣಿಕೊಂಡದ ನಿನ್ನ ಮನೆಗೆ ಬಂದಾಗ ತಾರಸಿ ಮೇಲಿನ ಆ ಪುಟ್ಟ ಕೋಣೆಯನ್ನು ಎಷ್ಟು ಸಡಗರದಿಂದ ತೋರಿಸಿದೆ! ಹಗಲೆಲ್ಲ ಗಚ್ಚಿಬೌಲಿಯ ಆಫೀಸಿನಲ್ಲಿ ಪರದೆ ನೋಡಿ ದಣಿದ ಕಣ್ಣು ಸಂಜೆ ಹೊತ್ತು ಮರದ ಎಳೆ ನೋಡಲಿ ಅಂತ ನೀನು ಕಟ್ಟಿಕೊಂಡ ಕೋಣೆ. ಟೇಬಲ್ ಸಾ, ರೂಟರ್, ಸ್ಯಾಂಡರ್, ಗೋಡೆಗೆ ಸಾಲಾಗಿ ತೂಗುಹಾಕಿದ ಉಳಿಗಳು. ನೀನು ಮಾಡಿದ ತೇಗದ ಮಣೆಯ ಕೂಡಿಕೆಯಲ್ಲಿ ಉಗುರು ಆಡಿಸಿ ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನನ್ನ ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.

ಹೊರಡುವಾಗ ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದೆ. ಗಿರಣಿಯ ಗೋಡೆಯ ಮೇಲೆ ಕೂತ ಹಿಟ್ಟಿನಂಥ ಪುಡಿ ಬೆರಳಿಗೆ ಮೆತ್ತಿಕೊಂಡಿತು. ಮೇಲೆ ನೋಡಿದರೆ ಫ್ಯಾನಿನ ರೆಕ್ಕೆ ಮೇಲೂ ಅದೇ. ಮೂಲೆಯಲ್ಲಿ ನಿನ್ನ ಮಗಳ ಮೂರು ಗಾಲಿಯ ಸೈಕಲ್ ನಿಂತಿತ್ತು, ಅದರ ಸೀಟಿನ ಮೇಲೂ ಇತ್ತು. ಎಲ್ಲರ ಮುಂದೆ ಹೇಳುವುದು ಬೇಡವೆಂದು ಸುಮ್ಮನೆ ಬಂದೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಪುಡಿ ನನಗೆ ಹೊಸದಲ್ಲ. ಬೀದರ್ ಸೀಮೆಯಲ್ಲಿ ಅಪ್ಪ ಬಡಗಿ. ಬಂಡಿ, ಚೌಕಟ್ಟು, ತೊಟ್ಟಿಲು ಎಲ್ಲ ಕೈಗರಗಸ, ಬಾಚಿ, ಉಳಿ, ಉಜ್ಜುಗೊರಡಿನಲ್ಲೇ ಮಾಡುತ್ತಿದ್ದ. ಬಯಲಲ್ಲಿ, ಬೇವಿನ ಮರದ ಕೆಳಗೆ ಕೆಲಸ. ಆಗ ಅವನಿಗೆ ಏನೂ ಆಗಿರಲಿಲ್ಲ. ಆಮೇಲೆ ಸಾ ಮಿಲ್ಲಿಗೆ ಸೇರಿದ. ತಗಡಿನ ಶೆಡ್ಡು, ಬೆಲ್ಟಿನ ಮೇಲೆ ಓಡುವ ಗರಗಸ, ಮಧ್ಯಾಹ್ನವೂ ಮಬ್ಬು. ಕೆಲವು ವರ್ಷಕ್ಕೆ ದಮ್ಮು ಹತ್ತಿತು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನ ಹಳೇ ಊರಲ್ಲಿ ಮೀನಿನ ಮದ್ದು ಕೊಡುತ್ತಾರೆಂದು ಬೀದರ್, ಕಲಬುರಗಿಯಿಂದ ದಮ್ಮಿನವರು ಬಸ್ಸು ರೈಲು ತುಂಬಿ ಬರುತ್ತಿದ್ದರು. ಹುಡುಗನಾಗಿದ್ದ ನಾನೂ ಅಪ್ಪನ ಕೈ ಹಿಡಿದು ದೂಧ್ ಬೌಲಿಯ ಆ ಸಾಲಿನಲ್ಲಿ ನಿಂತಿದ್ದೆ. ಅವನು ಕಣ್ಣು ಮುಚ್ಚಿ ಆ ಮರಿಮೀನು ನುಂಗಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಮದ್ದಿನ ಮಾತು ಹಾಗಿರಲಿ. ಮೂರನೆಯ ದಿನ ಊರಿಗೆ ಹೋಗಿ ಅದೇ ಶೆಡ್ಡಿನಲ್ಲಿ, ಅದೇ ಮಬ್ಬಿನಲ್ಲಿ ಕೂತ. ಉಸಿರಿಗೆ ಹೊಟ್ಟು ಹೋಗುವುದನ್ನು ನಿಲ್ಲಿಸಬೇಕೆಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ. ನಿನಗೆ ನಾನಿದ್ದೇನೆ.

ನೆಲಕ್ಕೆ ಬಿದ್ದು ಕಾಲಿಗೆ ಸಿಗುವ ಹೊಟ್ಟಿಗೆ ನಾನು ಹೆದರುವುದಿಲ್ಲ. ಅದು ದಪ್ಪ, ಬೇಗ ಬೀಳುತ್ತದೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದುಕೋ. 10 ಮೈಕ್ರಾನಿಗಿಂತ ಸಣ್ಣ ಕಣ ಮೂಗು, ಗಂಟಲು ದಾಟಿ ಒಳಗಿಳಿಯುತ್ತದೆ. ಇನ್ನೂ ಸಣ್ಣದು ಶ್ವಾಸಕೋಶದ ತುದಿಯ ಗಾಳಿಗೂಡಿಗೇ ಸೇರುತ್ತದೆ. ಇವು ಮಾಮೂಲಿ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ನೀನು ಕೆಲಸ ಮುಗಿಸಿ, ಪೊರಕೆಯಲ್ಲಿ ಗುಡಿಸಿ, ಕೋಣೆ ಸ್ವಚ್ಛವಾಯಿತೆಂದು ಚಹಾ ಕುಡಿಯುತ್ತ ಕೂರುತ್ತೀಯಲ್ಲ, ಆಗಲೂ ಅದು ಒಳಗೆ ಹೋಗುತ್ತಲೇ ಇರುತ್ತದೆ. ಪೊರಕೆ ಅದನ್ನು ಮತ್ತೆ ಎಬ್ಬಿಸುತ್ತದೆ, ಫ್ಯಾನು ಕೋಣೆ ತುಂಬ ಸುತ್ತಿಸುತ್ತದೆ.

ಇಂಗ್ಲೆಂಡಿನಲ್ಲಿ ಹೈ ವಿಕಂಬ್ ಎಂಬ ಊರು ಕುರ್ಚಿ ಮಾಡುವುದಕ್ಕೆ ಹೆಸರಾದದ್ದು. ಅಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್, ಮೂಗಿನೊಳಗಿನ ಒಂದು ಅಪರೂಪದ ಕ್ಯಾನ್ಸರ್ ಪೀಠೋಪಕರಣದ ಕೆಲಸಗಾರರಿಗೇ ಬರುತ್ತಿರುವುದನ್ನು 1960ರ ದಶಕದಲ್ಲಿ ಗುರುತಿಸಿದರು. ಅವರೂ ಡೊನಾಲ್ಡ್ ಆಚಿಸನ್ ಮೊದಲಾದವರೂ ಕೂಡಿ ಅದನ್ನು 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರ ತನ್ನ ಸಂಪುಟದಲ್ಲಿ ಮರದ ಹೊಟ್ಟನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದು ದಿನವಿಡೀ, ವರ್ಷಗಟ್ಟಲೆ ಹೊಟ್ಟಿನಲ್ಲಿ ದುಡಿದವರ ಕಥೆ. ವಾರಕ್ಕೆರಡು ಸಂಜೆ ಕೆಲಸ ಮಾಡುವ ನಿನಗೂ ಹಾಗೇ ಆಗುತ್ತದೆಂದು ಹೆದರಿಸುವುದಿಲ್ಲ. ನಿನಗೆ ಬೇಗ ಬರಬಹುದಾದದ್ದು ಸೀನು, ಕಣ್ಣುರಿ, ಚರ್ಮದ ತುರಿಕೆ, ಉಬ್ಬಸ. ತೇಗ, ಬೀಟೆ ಎರಡರ ಪುಡಿಯೂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಇನ್ನು ನಿನ್ನ ಕೋಣೆಯ ಮೂಲೆಯಲ್ಲಿ ಒರಗಿಸಿಟ್ಟಿದ್ದ ಎಂಡಿಎಫ್ ಹಲಗೆ: ಅದು ನಾರನ್ನು ಫಾರ್ಮಾಲ್ಡಿಹೈಡ್ ಬೆರೆತ ಅಂಟಿನಲ್ಲಿ ಒತ್ತಿ ಮಾಡಿದ್ದು, ಕೊಯ್ದರೆ ಮೈದಾಹಿಟ್ಟೇ ಏಳುತ್ತದೆ. ಆಗುವುದಾದರೆ ಅದನ್ನು ಅಂಗಡಿಯಲ್ಲೇ ಅಳತೆಗೆ ಕೊಯ್ಯಿಸಿ ತಾ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೇವರ ಮುಂದಿನ ದೀಪವನ್ನು ಎರಡು ಅಡಿ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸು ನೋಡೋಣ. ಕುಡಿ ಅಲುಗುವುದೂ ಇಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಬಾಣದಂತೆ ಹೋಗುತ್ತದೆ, ಎಳೆದ ಗಾಳಿ ಸುತ್ತ ಎಲ್ಲ ಕಡೆಯಿಂದಲೂ ಬರುತ್ತದೆ. ಹೊಟ್ಟು ಎಳೆಯುವ ಯಂತ್ರದ್ದೂ ಇದೇ ಕಥೆ: 4 ಇಂಚಿನ ಕೊಳವೆಯ ಬಾಯಿಯಿಂದ 4 ಇಂಚು ಆಚೆಗೆ ಹೋದರೆ ಎಳೆತದ ವೇಗ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅದಕ್ಕೇ ದೊಡ್ಡ ಯಂತ್ರ ತಂದು ಕೋಣೆಯ ನಡುವೆ ಇಟ್ಟರೆ ಏನೂ ಆಗದು. ಗರಗಸದ ಹಲ್ಲು ಮರವನ್ನು ಕಚ್ಚುವ ಜಾಗದಲ್ಲೇ ಕೊಳವೆಯ ಬಾಯಿ ಇರಬೇಕು, ಆ ಜಾಗವನ್ನು ಆದಷ್ಟು ಮುಚ್ಚಬೇಕು. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 14ನೇ ಕಲಮು ಹೇಳುತ್ತಿದ್ದುದೂ ಇದನ್ನೇ: ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲಿ ಎಳೆಯುವ ಸಾಧನ ಇರಲಿ, ಆ ಜಾಗ ಆವರಿಸಿರಲಿ. ನಾನು ಮೇಸ್ತ್ರಿಯಾಗಿದ್ದ ಕಾರ್ಖಾನೆಯಲ್ಲಿ ಆ ಸಾಧನ ಇತ್ತು, ಕರೆಂಟು ಉಳಿಸಲು ಇನ್ಸ್‌ಪೆಕ್ಟರ್ ಬರುವ ದಿನ ಮಾತ್ರ ಓಡುತ್ತಿತ್ತು. ನಾನು ಗಟ್ಟಿಯಾಗಿ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಕೈಕೆಳಗೆ ಸ್ಯಾಂಡಿಂಗ್ ಮಾಡುತ್ತಿದ್ದ ಹುಡುಗರ ಕೆಮ್ಮು ಇಂದಿಗೂ ಕಿವಿಯಲ್ಲಿದೆ. ನಿನ್ನ ಮನೆಗೆ ಯಾವ ಕಾಯ್ದೆಯೂ ಬರುವುದಿಲ್ಲ, ನೀನೇ ಇನ್ಸ್‌ಪೆಕ್ಟರ್.

ಮೊದಲು ಸ್ಯಾಂಡರ್ ಸರಿಮಾಡು. ಎಲ್ಲಕ್ಕಿಂತ ನುಣ್ಣನೆಯ ಪುಡಿ ಅದರದ್ದೇ. ಅದರ ತಳದಲ್ಲಿ ತೂತುಗಳಿವೆ, ಪಾಲಿಶ್ ಪೇಪರಿನ ತೂತು ಅದಕ್ಕೆ ಸರಿಯಾಗಿ ಕೂರಬೇಕು. ನೀನು ಅಡ್ಡಾದಿಡ್ಡಿ ಅಂಟಿಸಿದ್ದೆ, ಎಳೆಯುವ ದಾರಿಯೇ ಮುಚ್ಚಿತ್ತು. ಅದರ ಹಿಂದಿನ ಬಟ್ಟೆಯ ಚೀಲ ತೆಗೆದುಹಾಕಿ ವ್ಯಾಕ್ಯೂಮಿನ ಕೊಳವೆ ಹಾಕು. ವ್ಯಾಕ್ಯೂಮಿಗೆ ಒಳಚೀಲವೂ ಹೆಪಾ ಫಿಲ್ಟರೂ ಇರಲಿ. ಇಲ್ಲದಿದ್ದರೆ ದಪ್ಪ ಹೊಟ್ಟನ್ನು ಇಟ್ಟುಕೊಂಡು ನುಣ್ಣನೆಯದನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ. ಸ್ಯಾಂಡರಿಗೂ ವ್ಯಾಕ್ಯೂಮಿಗೂ ನಡುವೆ ಒಂದು ಸೈಕ್ಲೋನ್ ಕೂರಿಸು. ಬೇಸಿಗೆಯಲ್ಲಿ ಬಯಲಿನಲ್ಲಿ ಏಳುವ ಸುಂಟರಗಾಳಿಯಂತೆ ಅದರಲ್ಲಿ ಗಾಳಿ ಗಿರ್ರನೆ ತಿರುಗುತ್ತದೆ, ಭಾರದ ಹೊಟ್ಟು ಅಂಚಿಗೆ ಬಡಿದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. 20 ಲೀಟರಿನ ಪೇಂಟ್ ಬಕೆಟ್ಟೇ ಸಾಕು, ಮುಚ್ಚಳ ಮಾತ್ರ ಬಿಗಿ ಇರಬೇಕು. ಸೂಜಿಯಷ್ಟು ಸಂದಿಯಿದ್ದರೂ ಹೊಟ್ಟು ಬಕೆಟ್ಟಿನಲ್ಲಿ ಕೂರದೆ ಫಿಲ್ಟರಿಗೆ ಹೋಗುತ್ತದೆ.

ಟೇಬಲ್ ಸಾಗೆ ವ್ಯಾಕ್ಯೂಮ್ ಸಾಲದು. ವ್ಯಾಕ್ಯೂಮ್ ಎಳೆಯುವುದು ಜೋರು, ಆದರೆ ಗಾಳಿ ಸ್ವಲ್ಪ. ಗರಗಸಕ್ಕೆ ಬೇಕಾದದ್ದು ತುಂಬ ಗಾಳಿ. ಅದಕ್ಕೆ ಡಸ್ಟ್ ಕಲೆಕ್ಟರ್ ಅನ್ನುವ ಬ್ಲೋವರ್ ಬೇರೆಯೇ ಇದೆ. ನಿನ್ನ ಕೋಣೆಗೆ 2 ಹೆಚ್.ಪಿ. ಸಾಕು. ಅದರ ಜೊತೆ ಬರುವ ಬಟ್ಟೆಯ ಚೀಲ ಅನೇಕ ಸಲ 30 ಮೈಕ್ರಾನಿನದು, ಅಂದರೆ ನಾವು ಹೆದರುವ ಪುಡಿಗೆ ಅದು ಜರಡಿ. 1 ಮೈಕ್ರಾನಿನ ಚೀಲವನ್ನೋ ಕಾರ್ಟ್ರಿಜ್ ಫಿಲ್ಟರನ್ನೋ ಕೇಳಿ ಹಾಕಿಸು. ಕೊಳವೆಗೆ ಅಂಗಡಿಗಳಲ್ಲಿ ಸಿಗುವ 110 ಮಿಲಿಮೀಟರಿನ ಪಿವಿಸಿ ಡ್ರೈನೇಜ್ ಪೈಪ್ ಆಗುತ್ತದೆ. ರಾಣಿಗಂಜಿನ ಬಜಾರಿಗೆ ಒಂದು ಶನಿವಾರ ಹೋದರೆ ಕೊಳವೆ, ಕ್ಲಿಪ್ಪು, ಹೋಸು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ತಿರುವಿನಲ್ಲಿ ಒಂದೇ ಗಟ್ಟಿ ಮೊಣಕೈ ಹಾಕಬೇಡ, 45 ಡಿಗ್ರಿಯ ಎರಡು ತುಂಡು ಸೇರಿಸು. ಸುರುಳಿ ಹೋಸು ಮೊಳದಷ್ಟಿದ್ದರೆ ಸಾಕು, ಅದರ ಮಡಿಕೆಗಳು ಗಾಳಿಯ ಓಟ ಕೆಡಿಸುತ್ತವೆ. 4 ಇಂಚಿನ ಕೊಳವೆಯನ್ನು ನಡುವೆ 2 ಇಂಚಿಗೆ ಇಳಿಸಿದರೆ ದಾರಿ ಅರ್ಧವಲ್ಲ, ಕಾಲು ಭಾಗವಾಗುತ್ತದೆ ಎನ್ನುವುದು ಲೆಕ್ಕ ಬಲ್ಲ ನಿನಗೆ ಹೇಳಬೇಕಿಲ್ಲ. ಗರಗಸದ ಕೆಳಗಿನ ಪೆಟ್ಟಿಗೆಗೆ ಒಂದು ಬಾಯಿ, ಮೇಲೆ ಬ್ಲೇಡಿನ ಗಾರ್ಡಿಗೆ ಇನ್ನೊಂದು ಬಾಯಿ. ಮೇಲಿನದನ್ನು ಎಲ್ಲರೂ ಮರೆಯುತ್ತಾರೆ, ಮುಖಕ್ಕೆ ಹಾರುವುದು ಅಲ್ಲಿಂದಲೇ.

ಬ್ಲೋವರನ್ನು ಕೋಣೆಯ ಹೊರಗೆ, ತಾರಸಿಯ ಮೇಲೆ ತಗಡಿನ ಮಾಡಿನಡಿ ಇಡು. ಸದ್ದೂ ಹೊರಗೆ, ಚೀಲದಿಂದ ಸೋರುವ ಪುಡಿಯೂ ಹೊರಗೆ. ಅದು ಎಳೆದಷ್ಟು ಗಾಳಿ ಒಳಗೆ ಬರಬೇಕಾದ್ದರಿಂದ ಎದುರಿನ ಕಿಟಕಿ ತೆರೆದಿರಲಿ. ಹೊರಗೆ ತಾನೇ ಅಂತ ಚೀಲ ತೆಗೆದು ಓಡಿಸಬೇಡ. ಮಣಿಕೊಂಡದಲ್ಲಿ ಒಂದು ಕಟ್ಟಡದ ಬಾಲ್ಕನಿಯಿಂದ ಇನ್ನೊಂದಕ್ಕೆ ಕೈ ಚಾಚಿದರೆ ಸಿಗುತ್ತದೆ. ಪಕ್ಕದ ಮನೆಯವರು ಒಣಹಾಕಿದ ಬಟ್ಟೆ, ಅವರ ಮನೆಯ ಕೂಸು ನಿನ್ನ ಲೆಕ್ಕದಲ್ಲಿರಲಿ. ಅಲ್ಲಿನ ಹೊಸ ಫ್ಲಾಟುಗಳಲ್ಲಿ ತಿಂಗಳುಗಟ್ಟಲೆ ಬಾಲ್ಕನಿಯಲ್ಲಿ ಕೂತು ಪ್ಲೈವುಡ್ ಕೊಯ್ಯುವ ರಾಜಸ್ಥಾನ, ಬಿಹಾರದ ಹುಡುಗರನ್ನು ನೋಡಿದಾಗ ನನ್ನ ಕರುಳು ಚುರ್ ಎನ್ನುತ್ತದೆ. ಮೂಗಿಗೆ ಕಟ್ಟಿಕೊಂಡ ಕರ್ಚೀಫೇ ಅವರ ಸಾಧನ. ನಿನ್ನ ಮನೆಯ ಕೆಲಸಕ್ಕೆ ಬಂದರೆ ಅವರಿಗೂ ಒಳ್ಳೆಯ ಮಾಸ್ಕ್ ಕೊಡು, ಮರೆಯಬೇಡ.

ಮಾಸ್ಕ್ ಅಂದಾಗ ನೆನಪಾಯಿತು. ಆಸ್ಪತ್ರೆಯಲ್ಲಿ ಹಾಕುವ ನೀಲಿ ಬಟ್ಟೆ ಇದಕ್ಕಲ್ಲ. ಎನ್95 ಆಗಲಿ, ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಆಗಲಿ ಇರಲಿ, ಮುಖಕ್ಕೆ ಸುತ್ತಲೂ ಅಂಟಿ ಕೂರಲಿ. ನಿನ್ನ ಆ ಚೆಂದದ ಗಡ್ಡ ಇರುವತನಕ ಅದು ಕೂರುವುದಿಲ್ಲ, ಇದನ್ನು ನೀನೇ ನಿರ್ಧರಿಸು. ಕೆಲಸ ಮುಗಿದ ತಕ್ಷಣ ಮಾಸ್ಕ್ ಕಿತ್ತುಹಾಕಬೇಡ, ಬ್ಲೋವರನ್ನೂ ಆರಿಸಬೇಡ, ಇನ್ನೊಂದಿಷ್ಟು ಹೊತ್ತು ಓಡಲಿ. ಆ ಅಂಗಿಯಲ್ಲೇ ಕೆಳಗಿಳಿದು ಮಗಳನ್ನು ಎತ್ತಿಕೊಳ್ಳಬೇಡ.

ಬ್ಲೋವರಿಗೆ ಬೇರೆಯೇ ಲೈನು, 16 ಆಂಪಿಯರಿನ ಸಾಕೆಟ್ಟು ಎಲೆಕ್ಟ್ರಿಷಿಯನ್‌ನಿಂದ ಹಾಕಿಸು. ಬೆಂಕಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹಳೇ ಮರದ ಮೊಳೆ, ಕಬ್ಬಿಣ ಉಜ್ಜಿದ ಕಿಡಿ ಆ ಕೊಳವೆಗೆ ಹೋಗಲೇಬಾರದು. ಒಂದು ಕಿಡಿ ಚೀಲದ ಹೊಟ್ಟಿನೊಳಗೆ ಗಂಟೆಗಟ್ಟಲೆ ಹೊಗೆಯಾಡುತ್ತ ಕೂತು, ನೀವೆಲ್ಲ ಮಲಗಿದ ಮೇಲೆ ಹೊತ್ತಿಕೊಳ್ಳಬಲ್ಲದು. ಚೀಲ ಕೆಲಸ ಮಾಡಿದ ದಿನವೇ ಖಾಲಿಯಾಗಲಿ.

ಇದೆಲ್ಲ ಆದ ಮೇಲೂ ಒಂದು ಮಾತು ಉಳಿದಿದೆ, ಅದು ಅಪ್ಪನದು. ಉಜ್ಜುಗೊರಡಿನಿಂದ ಏಳುವುದು ಸುರುಳಿ, ಪುಡಿಯಲ್ಲ. ಆ ಸುರುಳಿ ಕಾಲ ಬಳಿ ಬೀಳುತ್ತದೆ, ಮೂಗಿಗೆ ಬರುವುದಿಲ್ಲ. ಉಳಿ ಚೂಪಿದ್ದರೆ, ಉಜ್ಜುಗೊರಡಿನ ಅಲಗು ಹದವಾಗಿದ್ದರೆ ಸ್ಯಾಂಡಿಂಗ್ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ನಿನ್ನ ಗೋಡೆಯ ಮೇಲಿನ ಉಳಿಗಳಲ್ಲಿ ಎರಡು ಮೊಂಡಾಗಿದ್ದವು. ಅವನ್ನು ಮಸೆಯುವುದು ಕಲಿಸುತ್ತೇನೆ.

ಬರುವ ಭಾನುವಾರ ಕತ್ತಲಾದ ಮೇಲೆ ಬರುತ್ತೇನೆ. ಫ್ಯಾನು ಆರಿಸಿ, ಮಾಸ್ಕ್ ಹಾಕಿಕೊಂಡು ಒಂದು ಹಲಗೆ ಕೊಯ್ಯೋಣ, ಆಮೇಲೆ ಲೈಟು ಆರಿಸಿ ಟಾರ್ಚಿನ ಬೆಳಕನ್ನು ಅಡ್ಡಲಾಗಿ ಬಿಡೋಣ. ಎಲ್ಲಿಂದ ಸೋರುತ್ತದೆ, ಎಷ್ಟು ಹೊತ್ತು ತೇಲುತ್ತದೆ ಅಂತ ನಿನ್ನ ಕಣ್ಣಿಗೇ ಕಾಣುತ್ತದೆ. ಟಾರ್ಚು ನಾನು ತರುತ್ತೇನೆ. ಅಷ್ಟರೊಳಗೆ ಮಗಳ ಸೈಕಲನ್ನು ತೊಳೆದು ಕೆಳಗಿಡು.