ಬದು ಹಾಕಿದರೆ ಸಾಲದು, ಏರಿಸುತ್ತಲೂ ಇರಬೇಕು



ಹೊಲಕ್ಕೆ ಬದು ಹಾಕಿ ಎಂದಾಗ ನೀವು ಕೇಳುವ ಪ್ರಶ್ನೆಗಳು ಎರಡು. ಬದುವಿಗೆ ಹೋಗುವ ಜಾಗದ ನಷ್ಟ ತುಂಬುವುದು ಹೇಗೆ? ಒಮ್ಮೆ ಹಾಕಿದ ಬದು ಎಷ್ಟು ಕಾಲ ಮಣ್ಣು ಹಿಡಿಯುತ್ತದೆ? ಇವೆರಡಕ್ಕೂ ಅಳೆದು ನೋಡಿದ ಉತ್ತರ ಉತ್ತರ ಇಥಿಯೋಪಿಯದ ಟಿಗ್ರೇ ಗುಡ್ಡಗಾಡಿನಿಂದ ದೊರೆತಿದೆ.

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ತಂಡವನ್ನು ಮುನ್ನಡೆಸಿದ ಪ್ರೊ. ಯಾನ್ ನಿಸ್ಸೆನ್ ಅವರು ಕೃಷಿ ವಿಜ್ಞಾನಿಯಲ್ಲ, ಭೂಗೋಳ ಶಾಸ್ತ್ರಜ್ಞರು. ಟಿಗ್ರೇಯ ಮೆಕೆಲ್ಲೆ ವಿಶ್ವವಿದ್ಯಾನಿಲಯದವರೊಡನೆ ಕೂಡಿ ಅವರು ರೈತರ ಹೊಲಗಳನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಅಲ್ಲಿ ಮಳೆಯ ಬಹುಪಾಲು ಜುಲೈ, ಆಗಸ್ಟ್ ತಿಂಗಳುಗಳಲ್ಲೇ ಬಿರುಸಾಗಿ ಸುರಿಯುತ್ತದೆ. ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗದಂತೆ ರೈತರು ಸಮಪಾತಳಿಯಲ್ಲಿ ಕಲ್ಲಿನ ಬದುಗಳನ್ನು ಕಟ್ಟಿದ್ದಾರೆ.

ದೆಸ್ತಾ ಗೆಬ್ರೆಮೈಕಲ್, ನಿಸ್ಸೆನ್ ಮತ್ತು ಸಂಗಡಿಗರು 3ರಿಂದ 21 ವರ್ಷ ಹಳೆಯ ಬದುಗಳ ಹಿಂದೆ ನಿಂತ ಮಣ್ಣನ್ನು ಅಳೆದು, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನಿಂದಾಗುವ ಮಣ್ಣಿನ ಸವಕಳಿ ಸರಾಸರಿ ಶೇ. 68ರಷ್ಟು ತಗ್ಗಿತ್ತು.

ಇನ್ನು ಜಾಗದ ಲೆಕ್ಕ. ಬದುವಿನ ಮೇಲ್ಮಗ್ಗುಲಲ್ಲಿ ಮಣ್ಣು, ತೇವ ಎರಡೂ ನಿಲ್ಲುತ್ತವೆ. ಆ ಪಟ್ಟಿಯಲ್ಲಿ ಹೊಲದ ಉಳಿದ ಭಾಗಕ್ಕಿಂತ ಸುಮಾರು ಶೇ. 53ರಷ್ಟು ಹೆಚ್ಚು ಕಾಳು ಬಂತು. ಬದು ಆಕ್ರಮಿಸಿದ ಜಾಗವನ್ನು ಕಳೆದ ಮೇಲೂ 2002ರ ಬೆಳೆಯಲ್ಲಿ ಹೆಕ್ಟೇರಿಗೆ 5.8 ಕ್ವಿಂಟಾಲಿನಿಂದ 6.5 ಕ್ವಿಂಟಾಲಿಗೆ ಇಳುವರಿ ಏರಿತ್ತು. ಲಾಭ ದೊಡ್ಡದಲ್ಲ, ಆದರೆ ನಷ್ಟವಂತೂ ಇಲ್ಲ. ಜೊತೆಗೆ ಹೊಲ ಉಳಿಯಿತು.

ಎರಡನೆಯ ಉತ್ತರ ಎಚ್ಚರಿಕೆಯ ಮಾತು. ಬದುವಿನ ಹಿಂದೆ ಮಣ್ಣು ತುಂಬುತ್ತ ಬಂದಂತೆ ಅದರ ಹಿಡಿತ ಕುಗ್ಗುತ್ತದೆ. ತುಂಬಿದ ಬದುವನ್ನು ನೀರು ಸುಲಭವಾಗಿ ದಾಟಿಹೋಗುತ್ತದೆ. ಆದ್ದರಿಂದ ಬದು ಒಂದು ಬಾರಿಯ ಕೆಲಸವಲ್ಲ.

ಕೆಟ್ಟ ಭೂಮಿ ಮತ್ತೆ ಸರಿಹೋದೀತೆ ಎಂಬ ಸಂದೇಹ ನಿಮಗಿರಬಹುದು. 1868ರಲ್ಲಿ ಬ್ರಿಟಿಷ್ ದಂಡಯಾತ್ರೆಯ ವೇಳೆ ಅಲ್ಲಿ ತೆಗೆದ ಚಿತ್ರಗಳನ್ನು ಹಿಡಿದು, ಈ ತಂಡ 140 ವರ್ಷಗಳ ನಂತರ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆಯಿತು. ಜನಸಂಖ್ಯೆ ಬಹಳ ಹೆಚ್ಚಿದ್ದರೂ ಅನೇಕ ಕಡೆ ಗಿಡಮರಗಳು ಹಿಂದಿಗಿಂತ ಹೆಚ್ಚಿದ್ದವು.

ನೀವು ಮಾಡಬೇಕಾದದ್ದು:

1. ಮುಂಗಾರಿಗೆ ಮೊದಲು ಬದುಗಳ ಉದ್ದಕ್ಕೂ ನಡೆದು ನೋಡಿ. ಒಡೆದ ಕಡೆ ಕೂಡಲೇ ದುರಸ್ತಿ ಮಾಡಿ.

2. ಹಿಂದೆ ಮಣ್ಣು ತುಂಬಿದ್ದರೆ ಬದುವನ್ನು ಎತ್ತರಿಸಿ.

3. ಬದುವಿನ ಮೇಲೆ ಹುಲ್ಲು ಬೆಳೆಸಿ. ಬದು ಗಟ್ಟಿಯಾಗುತ್ತದೆ, ದನಗಳಿಗೆ ಮೇವೂ ಆಗುತ್ತದೆ.

4. ಎರೆಹೊಲದಲ್ಲಿ ನೀರು ನಿಂತು ಬೆಳೆ ಕೆಡುತ್ತದೆ. ಅಲ್ಲಿ ಸ್ವಲ್ಪ ಇಳಿಜಾರು ಕೊಟ್ಟ ಬದು ಹಾಕಿ, ಹೆಚ್ಚಿನ ನೀರು ಹರಿಯಲು ಕೋಡಿ ಬಿಡಿ.

ಮೊದಲ ಬಿರುಮಳೆಯ ಮರುದಿನ ಬದುವಿನ ಹತ್ತಿರ ಹೋಗಿ ನಿಲ್ಲಿ. ಹಿಂದೆ ಹೊಸ ಮಣ್ಣು ಕೂತಿದ್ದರೆ ನಿಮ್ಮ ಹೊಲ ನಿಮ್ಮಲ್ಲೇ ಉಳಿದಿದೆ. ಕೆಳಗಿನ ಹಳ್ಳ ಕೆಂಪಾಗಿ ಹರಿಯುತ್ತಿದ್ದರೆ, ಅದರಲ್ಲಿ ಹೋಗುತ್ತಿರುವುದು ಯಾರ ಹೊಲ ಎಂದು ವಿಚಾರಿಸಿ.