ಮೂರು ದಿನದ ಮಾತ್ರೆ: ತಿಳಿದು ಬಳಸೋಣ

ಮನೆಯಲ್ಲಿ ಯಾರಿಗಾದರೂ ಗಂಟಲು ನೋವು, ಕೆಮ್ಮು ಬಂತೆಂದರೆ ಔಷಧಿ ಅಂಗಡಿಗೆ ಹೋಗಿ 'ಆ ಮೂರು ದಿನದ ಮಾತ್ರೆ ಕೊಡಿ' ಎಂದು ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಮಾತ್ರೆಯ ಹೆಸರು ಅಜಿತ್ರೋಮೈಸಿನ್. ಮ್ಯಾಕ್ರೋಲೈಡ್ ಎಂಬ ಆಂಟಿಬಯೋಟಿಕ್ ಗುಂಪಿಗೆ ಸೇರಿದ ಒಳ್ಳೆಯ ಔಷಧಿ ಅದು. ಆದರೆ ಅಗತ್ಯವಿಲ್ಲದಾಗ ನುಂಗಿದರೆ, ನಿಜವಾಗಿ ಬೇಕಾದ ದಿನ ಅದು ಕೈಕೊಟ್ಟೀತು.

ಮಣ್ಣಿನಿಂದ ಬಂದ ಔಷಧಿ

ಈ ಗುಂಪಿನ ಹಿರಿಯಣ್ಣ ಎರಿತ್ರೋಮೈಸಿನ್. 1949ರಲ್ಲಿ ಫಿಲಿಪ್ಪೀನ್ಸ್‌ನ ಡಾ. ಅಬೆಲಾರ್ಡೊ ಅಗಿಲಾರ್ ಅವರು ಇಲೊಯಿಲೊ ಪ್ರಾಂತದ ಮಣ್ಣನ್ನು ಅಮೆರಿಕದ ಎಲಿ ಲಿಲ್ಲಿ ಕಂಪೆನಿಗೆ ಕಳುಹಿಸಿದರು. ಆ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ದೊರೆತ ಈ ಔಷಧಿ 1952ರಲ್ಲಿ ಬಳಕೆಗೆ ಬಂತು. ಪೆನಿಸಿಲಿನ್ ಒಗ್ಗದವರಿಗೆ ವರವಾದರೂ ದಿನಕ್ಕೆ ಹಲವು ಸಲ ನುಂಗಬೇಕಿತ್ತು, ಹೊಟ್ಟೆಯನ್ನೂ ಕೆಡಿಸುತ್ತಿತ್ತು. 1980ರಲ್ಲಿ ಅಂದಿನ ಯುಗೊಸ್ಲಾವಿಯದ ಝಾಗ್ರೆಬ್ ನಗರದಲ್ಲಿ ಪ್ಲಿವಾ ಕಂಪೆನಿಯ ವಿಜ್ಞಾನಿಗಳು ಅದರ ರಚನೆಯನ್ನು ಮಾರ್ಪಡಿಸಿ ಅಜಿತ್ರೋಮೈಸಿನ್ ತಯಾರಿಸಿದರು.

ಹೇಗೆ ಕೆಲಸ ಮಾಡುತ್ತದೆ?

ಬ್ಯಾಕ್ಟೀರಿಯಾ ಬದುಕಿ ಬೆಳೆಯಲು ಪ್ರೋಟೀನ್ ಬೇಕು. ಅದನ್ನು ತಯಾರಿಸುವುದು ರೈಬೋಸೋಮ್ ಎಂಬ ಅತಿ ಸಣ್ಣ ಯಂತ್ರ. ಶಾವಿಗೆ ಒತ್ತುವಾಗ ಒರಳಿನ ತೂತಿನಿಂದ ಎಳೆ ಇಳಿಯುವಂತೆ, ಹೊಸ ಪ್ರೋಟೀನಿನ ಎಳೆ ಅದರ ಕಿರಿದಾದ ಸುರಂಗದಿಂದ ಹೊರಬರುತ್ತದೆ. ಮ್ಯಾಕ್ರೋಲೈಡ್ ಆ ಸುರಂಗದಲ್ಲಿ ಹೋಗಿ ಕೂರುತ್ತದೆ. ಎಳೆ ಮುಂದೆ ಸಾಗದೆ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ. ಉಳಿದ ಕೆಲಸವನ್ನು ನಮ್ಮ ದೇಹದ ರೋಗನಿರೋಧಕ ಶಕ್ತಿ ಮಾಡಿ ಮುಗಿಸುತ್ತದೆ.

ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಹೀಗಾಗಿ ನೆಗಡಿ, ಫ್ಲೂ ಹಾಗೂ ಹೆಚ್ಚಿನ ಗಂಟಲು ನೋವುಗಳಿಗೆ ಈ ಮಾತ್ರೆ ನಾಟುವುದಿಲ್ಲ. 2020ರಲ್ಲಿ ಕೋವಿಡ್‌ಗೂ ಇದನ್ನು ಧಾರಾಳವಾಗಿ ಕೊಟ್ಟರು. ಬ್ರಿಟನ್ನಿನ 'ರಿಕವರಿ' ಪರೀಕ್ಷೆಯಲ್ಲಿ ಅದರಿಂದ ಆಸ್ಪತ್ರೆಯಲ್ಲಿದ್ದ ರೋಗಿಗಳ ಸಾವು ಕಡಿಮೆಯಾಗಲಿಲ್ಲ.

ಮೂರೇ ದಿನ ಏಕೆ?

ದೇಹದಲ್ಲಿರುವ ಈ ಔಷಧಿಯ ಅರ್ಧಭಾಗ ಇಳಿಯಲು ಸುಮಾರು 68 ಗಂಟೆ ಬೇಕು. ಕೊನೆಯ ಮಾತ್ರೆ ನುಂಗಿದ ಮೇಲೂ ಅದು ಕೆಲವು ದಿನ ಕೆಲಸ ಮಾಡುತ್ತದೆ. ಆದರೆ ಎಲ್ಲ ಕಾಯಿಲೆಗೂ ಮೂರು ದಿನ ಸಾಲದು; ಟೈಫಾಯ್ಡ್‌ಗೆ ಸಾಮಾನ್ಯವಾಗಿ ಒಂದು ವಾರ ಬೇಕು. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ.

ಟೈಫಾಯ್ಡ್ ಎಂದಾಗ ಒಂದು ಸಂಗತಿ ಗಮನಿಸಿ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹರಡಿದ ಟೈಫಾಯ್ಡ್ ಹಳೆಯ ಔಷಧಿಗಳಿಗೂ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿಗೂ ಬಗ್ಗಲಿಲ್ಲ. ಬಾಯಿಂದ ಕೊಡಲು ನೆಚ್ಚಬಹುದಾದ ಔಷಧಿಯಾಗಿ ಉಳಿದದ್ದು ಅಜಿತ್ರೋಮೈಸಿನ್. ಅದಕ್ಕೂ ಮಣಿಯದ ಟೈಫಾಯ್ಡ್ ರೋಗಾಣು ಬಾಂಗ್ಲಾದೇಶದಲ್ಲಿ ಕಂಡುಬಂದಿದೆ. ಇಂದು ನೆಗಡಿಗೆ ವ್ಯರ್ಥ ಮಾಡಿದ ಮಾತ್ರೆ, ನಾಳೆ ಜ್ವರದಲ್ಲಿ ಬೇಯುವ ಮಗುವಿಗೆ ಉಪಯೋಗಕ್ಕೆ ಬಾರದೆ ಹೋದೀತು.

ಮನೆಯವರು ನೆನಪಿಡಬೇಕಾದವು

1. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆ ಇದನ್ನೇ ಹೇಳುತ್ತದೆ.

2. ಹೃದಯ ಬಡಿತದ ತೊಂದರೆ, ಲಿವರ್ ಕಾಯಿಲೆ ಅಥವಾ ಸ್ನಾಯುಗಳು ಸೋಲುವ ಮೈಯಸ್ತೀನಿಯಾ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

3. ನೀವು ಸೇವಿಸುತ್ತಿರುವ ಔಷಧಿಗಳನ್ನೆಲ್ಲ ತೋರಿಸಿ. ಮುಖ್ಯವಾಗಿ ವಾರ್ಫರಿನ್, ಡಿಗಾಕ್ಸಿನ್ ಮರೆಯಬೇಡಿ. ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಜೊತೆ ಕೊಲೆಸ್ಟರಾಲ್‌ನ ಸಿಮ್ವಾಸ್ಟಾಟಿನ್ ಸೇರಿದರೆ ಸ್ನಾಯುಗಳಿಗೆ ತೀವ್ರ ಹಾನಿಯಾಗಬಹುದು.

4. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಅನ್ನು ಜೊತೆಯಲ್ಲೇ ಕುಡಿಯಬೇಡಿ. ಎರಡು ಗಂಟೆಯ ಅಂತರವಿರಲಿ.

5. ಮಕ್ಕಳ ದ್ರವ ಔಷಧಿಯನ್ನು ಚೆನ್ನಾಗಿ ಅಲುಗಾಡಿಸಿ, ಅದರ ಜೊತೆ ಬರುವ ಅಳತೆಯಲ್ಲೇ ಕೊಡಿ. ಅಡುಗೆಮನೆಯ ಚಮಚ ಬೇಡ. ಎಳೆಗೂಸುಗಳಿಗೆ ವೈದ್ಯರನ್ನು ಕೇಳದೆ ಕೊಡಲೇಬೇಡಿ.

6. ವಾಕರಿಕೆ, ಸಡಿಲ ಭೇದಿ ಸಾಮಾನ್ಯ. ಮುಖ ಊದಿದರೆ, ಉಸಿರು ಕಟ್ಟಿದರೆ, ಎದೆ ಬಡಿತ ಏರುಪೇರಾಗಿ ತಲೆ ಸುತ್ತಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

7. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ತೆಗೆದಿಡಬೇಡಿ, ನೆರೆಯವರಿಗೂ ಕೊಡಬೇಡಿ.

ಇಂದೇ ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಹಳೆಯ ಪಟ್ಟಿಯಲ್ಲಿ ಒಂದೆರಡು ಮಾತ್ರೆ ಉಳಿದಿದ್ದರೆ, ಅವು ಇನ್ನು ಅಲ್ಲಿ ಇರಬಾರದು.