ಕೂಸು ಕುಡಿದ ಹಾಲೆಲ್ಲ ಚಿಮ್ಮಿ ವಾಂತಿ ಮಾಡಿದರೆ

ಸಂಘದ ಅಕ್ಕತಂಗಿಯರೇ, ಹಸುಗೂಸು ಒಂದಿಷ್ಟು ಹಾಲು ಕಕ್ಕುವುದು ನಮಗೆಲ್ಲ ಗೊತ್ತಿದ್ದ ಮಾತೇ. ಆದರೆ ಮೂರರಿಂದ ಆರು ವಾರದ ಕೂಸು ಪ್ರತಿ ಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಕೂಡಲೇ ಹಸಿದು ಮತ್ತೆ ಮೊಲೆಗೆ ಬಾಯಿ ಹಾಕುತ್ತಿದ್ದರೆ ಅದು ಬೇರೆ. "ದೃಷ್ಟಿ ಆಗೇದ, ತಾಯಿ ಹಾಲು ಆಗಿಬರವಲ್ದು" ಅಂತ ಮನೆಯಲ್ಲಿ ಕೂತರೆ ಕೂಸು ಒಣಗುತ್ತದೆ. ಉಚ್ಚೆ ಕಡಿಮೆ ಆಗುತ್ತದೆ, ತೂಕ ಇಳಿಯುತ್ತದೆ. ತಾಯಿ ಹಾಲಿನದು ಇದರಲ್ಲಿ ತಪ್ಪೇನೂ ಇಲ್ಲ.

ಜಠರದಿಂದ ಕರುಳಿಗೆ ಹಾಲು ಇಳಿಯುವ ಬಾಯಿಯ ಸುತ್ತಲಿನ ಸ್ನಾಯು ದಪ್ಪವಾಗಿ ದಾರಿ ಕಟ್ಟಿರುತ್ತದೆ. ವೈದ್ಯರು ಇದಕ್ಕೆ ಪೈಲೋರಿಕ್ ಸ್ಟೆನೋಸಿಸ್ ಎನ್ನುತ್ತಾರೆ. ಗಂಡು ಕೂಸುಗಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಸ್ನಾಯು 3 ಮಿ.ಮೀ.ಗಿಂತ ದಪ್ಪ ಕಾಣುತ್ತದೆ.

"ಇಷ್ಟು ಸಣ್ಣ ಕೂಸಿಗೆ ಆಪರೇಶನ್ನಾ?" ಎಂದು ಅತ್ತೆಯವರು ಹೆದರುವುದು ಸಹಜ. 1911ರಲ್ಲಿ ಜರ್ಮನಿಯ ರಾಮ್‌ಸ್ಟೆಡ್ ಎಂಬ ವೈದ್ಯರು ಕಂಡುಕೊಂಡ ವಿಧಾನವೇ ಇಂದಿಗೂ ನಡೆದಿದೆ. ಸಣ್ಣ ಚಾಕುವಿನಿಂದ ದಪ್ಪ ಸ್ನಾಯುವಿನ ಮೇಲೆ ಉದ್ದಕ್ಕೆ ಒಂದು ಗೀರು ಹಾಕುತ್ತಾರೆ. ಆಮೇಲೆ ಬೆನ್ಸನ್ ಸ್ಪ್ರೆಡರ್ ಎಂಬ ಉಪಕರಣದ ತುದಿಯನ್ನು ಆ ಗೀರಿನಲ್ಲಿಟ್ಟು ಸ್ನಾಯು ಬಿಡಿಸುತ್ತಾರೆ. ನಮ್ಮ ಒಲೆ ಮುಂದಿನ ಇಕ್ಕಳ ಒತ್ತಿ ಹಿಡಿಯುತ್ತದೆ, ಇದು ತುದಿ ಅಗಲಿಸಿ ಬಿಡಿಸುತ್ತದೆ. ಜಾರಬಾರದೆಂದು ತುದಿಯ ಹೊರಮೈಗೆ ಹಲ್ಲುಗಳಿರುತ್ತವೆ. ಒಳಗಿನ ತೆಳು ಪದರ ಮಾತ್ರ ಹರಿಯಬಾರದು, ಜಾಣತನ ಇರುವುದು ಅಲ್ಲೇ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿಯೂ ಮಾಡುತ್ತಾರೆ. ಸಾಮಾನ್ಯವಾಗಿ ಕೆಲವೇ ತಾಸಿನಲ್ಲಿ ಕೂಸು ಹಾಲು ಕುಡಿಯುತ್ತದೆ, ಎರಡು-ಮೂರು ದಿನಕ್ಕೆ ಮನೆಗೆ ಬರುತ್ತದೆ. ಮೊದಲೆರಡು ದಿನ ಒಂದೆರಡು ಸಲ ವಾಂತಿ ಆದರೆ ಗಾಬರಿ ಬೇಡ.

ದಾಖಲಾದ ದಿನವೇ ಆಪರೇಶನ್ ಮಾಡಲಿಲ್ಲ ಎಂದು ಸಿಟ್ಟಾಗಬೇಡಿರಿ. ವಾಂತಿಯಲ್ಲಿ ಹೋದ ನೀರು, ಉಪ್ಪಿನಂಶವನ್ನು ಸಲಾಯಿನ್ ಹಚ್ಚಿ ಮೊದಲು ತುಂಬಬೇಕು. ಅದಾಗದೆ ಅರಿವಳಿಕೆ ಕೊಟ್ಟರೆ ಉಸಿರಿಗೇ ಅಪಾಯ.

ಗೋಕಾಕ, ಮೂಡಲಗಿ, ಹುಕ್ಕೇರಿಯವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಮಕ್ಕಳ ಶಸ್ತ್ರವೈದ್ಯರಿರುವ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. 108ಕ್ಕೆ ಫೋನ್ ಮಾಡಿರಿ. ರೇಷನ್ ಕಾರ್ಡ್, ಆಧಾರ್, ತಾಯಿ ಕಾರ್ಡ್ ಕೈಯಲ್ಲಿರಲಿ. ಆಯುಷ್ಮಾನ್ ಯೋಜನೆಗೆ ಬೇಕಾಗುತ್ತವೆ. ವಾಂತಿ ಹಸಿರು ಬಣ್ಣದ್ದಾದರೆ ಅದು ಈ ರೋಗವಲ್ಲ, ಕರುಳು ತಿರುಚಿರಬಹುದು. ಬೆಳಗಾಗುವ ತನಕ ಸಹ ಕಾಯಬೇಡಿರಿ, ಸಂಘದ ಸಾಲ ಆಮೇಲೆ ಬರೆದುಕೊಂಡರಾಯಿತು.